ಹದಿನೆಂಟು ಪಿಚಕಾರಿಗಳು: ಶ್ರೀನಿವಾಸಪುರದ ಬೇಸಿಗೆ ಶಿಬಿರವೊಂದರ ಪ್ರಕರಣ

ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬೇಸಿಗೆ ರಜೆಯ ದಿನಗಳಲ್ಲಿ ಮಕ್ಕಳ ಶಿಬಿರ ನಡೆಯುತ್ತದೆ. ಬೆಳಿಗ್ಗೆ ಚಿತ್ರ, ಹಾಡು, ಕೋಲಾಟ. ಬಿಸಿಲು ಇಳಿದ ಮೇಲೆ ಮಾವಿನ ತೋಪಿನಲ್ಲಿ ನೀರಾಟ. ನೀರಾಟಕ್ಕೆಂದು ಊರಿನ ದಾನಿಯೊಬ್ಬರು 18 ಪಿಚಕಾರಿಗಳನ್ನು ಕೊಡಿಸಿದ್ದರು. ಮೊದಲ ಬೇಸಿಗೆಯಲ್ಲಿ ಎಲ್ಲವೂ ಚೆನ್ನಾಗಿಯೇ ದುಡಿದವು. ಮರುವರ್ಷ ಏಪ್ರಿಲ್‌ನಲ್ಲಿ ಗೋಣಿಚೀಲ ಬಿಚ್ಚಿ ನೋಡಿದರೆ ನೀರು ಹಾರಿಸಿದ್ದು 4 ಮಾತ್ರ. ಉಳಿದವುಗಳಲ್ಲಿ ಕೆಲವು ತೊಟ್ಟಿಕ್ಕಿದವು, ಕೆಲವು ಹಿಡಿಯ ಹತ್ತಿರ ಸೋರಿದವು, ಕೆಲವುಗಳ ಟ್ರಿಗರ್ ಅಲುಗಾಡಲೇ ಇಲ್ಲ.

ಶಿಬಿರ ನಡೆಸುವ ಶಿಕ್ಷಕಿ ಅವುಗಳನ್ನು ಗುಜರಿಗೆ ಹಾಕುವ ಯೋಚನೆಯಲ್ಲಿದ್ದರು. “ಸಾರ್, ಇವು ಒಂದು ಬೇಸಿಗೆಯ ಸಾಮಾನು, ಅದಕ್ಕಿಂತ ಹೆಚ್ಚು ಬಾಳುವುದಿಲ್ಲ ಎಂದು ಅಂಗಡಿಯವರೇ ಹೇಳಿದ್ದರು” ಎಂದರು. ನಾನು ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಫಿಟ್ಟರ್ ವಿಭಾಗದ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು. ಬಿಚ್ಚಿ ನೋಡದೆ ಯಾವ ಯಂತ್ರಕ್ಕೂ ಆಯಸ್ಸು ಮುಗಿಯಿತೆಂದು ಹೇಳಬಾರದು ಎಂಬುದನ್ನು ನಂಬಿ ಬದುಕಿದವನು. “ಈಗಲೇ ಬಿಸಾಡಬೇಡಿ ಅಮ್ಮ, ಮೊದಲು ತೆರೆದು ನೋಡೋಣ. ಮಕ್ಕಳೂ ಜೊತೆಗಿರಲಿ” ಎಂದೆ.

ಈ ಬರಹ ಆ ತೆರೆದು ನೋಡಿದ ಕೆಲಸದ ವಿವರ. ನೀರಿನ ಪಿಚಕಾರಿ ಆಟದಲ್ಲಿ ಕೆಡುವುದು ಬಹಳ ಕಡಿಮೆ. ಅದು ಕೆಡುವುದು ಆಟವಿಲ್ಲದ ತಿಂಗಳುಗಳಲ್ಲಿ, ಮೂಲೆಯಲ್ಲಿ ಬಿದ್ದಿರುವಾಗ. ನಮ್ಮ ಕೋಲಾರ ಜಿಲ್ಲೆಯ ಕೊಳವೆಬಾವಿ ನೀರಿನಲ್ಲಿ ಆಡಿದ ಪಿಚಕಾರಿಯಂತೂ ಒಳಗೆ ಉಳಿದ ಅರ್ಧ ಚಮಚ ನೀರಿನಿಂದಲೇ ಹಾಳಾಗಬಹುದು.

ಹಿಂದಿನ ವರ್ಷ ನಡೆದದ್ದು

ಮೊದಲು ವಿಚಾರಿಸಿದ್ದು, ಕಳೆದ ಬಾರಿ ಕೊನೆಯ ದಿನ ಏನಾಯಿತು ಎಂದು. ಶಿಬಿರದ ಮುಕ್ತಾಯ ಊರ ಜಾತ್ರೆಯ ಕೊನೆಯ ದಿನದೊಂದಿಗೆ ಕೂಡಿ ಬಂದಿತ್ತು. ರಥೋತ್ಸವ ಮುಗಿದು ದೇವಸ್ಥಾನದ ಮುಂದೆ ಓಕುಳಿ. ಹಂಡೆಗಳಲ್ಲಿ ಅರಿಶಿನ, ಸುಣ್ಣ ಕದಡಿ ಮಾಡಿದ ಕೆಂಪು ನೀರು. ಮಕ್ಕಳು ಸುಮ್ಮನಿರುತ್ತಾರೆಯೇ? ಎಲ್ಲ ಪಿಚಕಾರಿಗಳಿಗೂ ಓಕುಳಿ ತುಂಬಿಸಿಕೊಂಡು ಬೀದಿಗಿಳಿದರು. ಸಂಜೆ ಅವುಗಳನ್ನೆಲ್ಲ ಒದ್ದೆಯಾಗಿದ್ದಂತೆಯೇ ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ತಗಡಿನ ಶೀಟು ಹೊದಿಸಿದ ಉಗ್ರಾಣದ ಅಟ್ಟಕ್ಕೆ ಏರಿಸಿದರು. ಚೀಲದಲ್ಲಿ ಹಿಡಿಸದ ಎರಡು ದೊಡ್ಡ ಪಿಚಕಾರಿಗಳು ಅದೇ ಉಗ್ರಾಣದ ಹೊರಗೆ ನೀರಿನ ತೊಟ್ಟಿಯ ಮೇಲೆ ಉಳಿದವು. ಹೆಚ್ಚುಕಡಿಮೆ ಇಡೀ ವರ್ಷ ಯಾರೂ ಅವುಗಳನ್ನು ಮುಟ್ಟಲಿಲ್ಲ.

ಇಷ್ಟು ಕೇಳಿದ ಮೇಲೆ ಅರ್ಧ ರೋಗ ತಿಳಿದಂತಾಯಿತು. ಇನ್ನರ್ಧಕ್ಕೆ ನೀರನ್ನು ನೋಡಬೇಕಿತ್ತು.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ಪಿನಾಕಿನಿಗಳು ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಆದರೂ ಮನೆಬಳಕೆಗೆ ಹೆಚ್ಚಿನ ಹಳ್ಳಿಗಳು ಕೊಳವೆಬಾವಿಯನ್ನೇ ನಂಬಿವೆ, ಸಾವಿರ ಅಡಿ ದಾಟಿದ ಬಾವಿಗಳೂ ಇಲ್ಲಿ ಹೊಸತಲ್ಲ. ಬಂಡೆಯ ಸಂದಿಯಲ್ಲಿ ಕಾಲದಿಂದ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಸೋಪು ನೊರೆ ಕೊಡುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ, ಸೋಲಾರ್ ಹೀಟರಿನ ಕೊಳವೆಯಲ್ಲಿ ಬಿಳಿ ಗಾರೆ ಕಟ್ಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪಬಹುದು. ಪಂಚಾಯಿತಿಯಲ್ಲಿದ್ದ ನೀರು ಪರೀಕ್ಷೆಯ ಕಿಟ್ಟಿನಲ್ಲಿ ಶಿಬಿರದ ನಲ್ಲಿಯ ನೀರನ್ನು ಪರೀಕ್ಷಿಸಿದಾಗ ಅದು 600ನ್ನೂ ಮೀರಿತ್ತು.

ಇಂಥ ನೀರಿನಲ್ಲಿ ಆಡಬಾರದೆಂದು ನಾನು ಹೇಳುವುದಿಲ್ಲ. ಬರಗಾಲದ ಜಿಲ್ಲೆಯಲ್ಲಿ ನೀರಾಟವೇಕೆ ಎಂದು ಕೇಳುವವರಿದ್ದಾರೆ. ಪಿಸ್ತೂಲಿನಂಥ ಸಣ್ಣ ಪಿಚಕಾರಿಗೆ ಹಿಡಿಯುವುದು ಒಂದು ಲೋಟ ನೀರು. ಆಟವನ್ನು ಎಳೆಯ ಮಾವಿನ ಗಿಡಗಳ ಪಾತಿಯಲ್ಲಿ ಆಡಿಸಿದರೆ ಆ ನೀರು ಬೇರಿಗೇ ಸೇರುತ್ತದೆ, ಶಿಬಿರದವರು ಹಾಗೆಯೇ ಮಾಡುತ್ತಿದ್ದರು. ನಲವತ್ತು ದಿನದ ಬಿರುಬೇಸಿಗೆಯಲ್ಲಿ ಹಳ್ಳಿಯ ಮಕ್ಕಳಿಗೆ ಅಷ್ಟು ನೀರಿನ ಸುಖವನ್ನಾದರೂ ನಾವು ಕೊಡಬೇಕು.

ಒಳಗೆ ಕಂಡದ್ದು

18ರಲ್ಲಿ 6 ಕೊಳವೆ ಪಿಚಕಾರಿಗಳು: ಹಿಡಿ ಹಿಂದಕ್ಕೆಳೆದರೆ ನೀರು ಹೀರುತ್ತವೆ, ಮುಂದಕ್ಕೆ ತಳ್ಳಿದರೆ ಚಿಮ್ಮಿಸುತ್ತವೆ. 7 ಟ್ರಿಗರ್ ಇರುವ ಪಿಸ್ತೂಲುಗಳು. 3 ಗಾಳಿಯ ಒತ್ತಡದಲ್ಲಿ ಕೆಲಸ ಮಾಡುವ ದೊಡ್ಡವು. 2 ಬ್ಯಾಟರಿಯವು.

ಟ್ರಿಗರ್ ಪಿಸ್ತೂಲೊಂದನ್ನು ಮೊದಲು ಕೈಗೆತ್ತಿಕೊಂಡೆವು. ಸ್ಕ್ರೂಗಳನ್ನು ತೆಗೆದು, ಎರಡು ಹೋಳುಗಳನ್ನು ಮೆಲ್ಲಗೆ ಬಿಡಿಸಿ, ಒಳಗಿನ ಭಾಗಗಳನ್ನು ಬಿಚ್ಚುವ ಮುನ್ನವೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆವು. ಇದನ್ನು ಯಾರೂ ಮರೆಯಬಾರದು. ಸ್ಪ್ರಿಂಗ್ ಯಾವ ಕಡೆಗೆ ಮುಖ ಮಾಡಿತ್ತೆಂಬುದು ಜೋಡಿಸುವಾಗ ನೆನಪಿಗೆ ಬರುವುದಿಲ್ಲ. ಒಳಗೆ ಬೆರಳಷ್ಟು ದಪ್ಪದ ಸಿಲಿಂಡರು, ಅದರಲ್ಲೊಂದು ಪಿಸ್ಟನ್, ಪಿಸ್ಟನ್ನಿನ ತಲೆಗೆ ನೀರು ಸೋರದಂತೆ ತಡೆಯುವ ಕಪ್ಪು ರಬ್ಬರಿನ ಬಳೆ, ಅಂದರೆ ಓ ರಿಂಗ್, ಅದನ್ನು ಹಿಂದಕ್ಕೆ ದೂಡುವ ಉಕ್ಕಿನ ಸ್ಪ್ರಿಂಗ್. ನೀರು ಒಳಬರುವ ದಾರಿಗೊಂದು, ಹೊರಹೋಗುವ ದಾರಿಗೊಂದು ಪುಟ್ಟ ಗುಂಡಿನ ವಾಲ್ವ್. ಹೀರುವಾಗ ಮೊದಲನೆಯದು ತೆರೆದುಕೊಂಡು ಎರಡನೆಯದು ಮುಚ್ಚುತ್ತದೆ, ಒತ್ತುವಾಗ ಅದರ ತಿರುಗುಮುರುಗು. ಊರಿನ ಕೈಪಂಪಿನೊಳಗೆ ನಡೆಯುವುದೂ ಇದೇ ಕೆಲಸ, ಅಳತೆ ಮಾತ್ರ ಬೇರೆ. ಕೈಪಂಪಿನ ವಾಷರ್ ಸವೆದರೆ ನೀರು ಏರುವುದಿಲ್ಲವೆಂದು ಎಲ್ಲರಿಗೂ ಗೊತ್ತು, ಯಾರೂ ಪಂಪನ್ನೇ ಕಿತ್ತು ಎಸೆಯುವುದಿಲ್ಲ.

ಆ ಪಿಸ್ತೂಲಿನ ಹೊರವಾಲ್ವಿನ ಗುಂಡು ತನ್ನ ಗೂಡಿಗೆ ಅಂಟಿಕೊಂಡಿತ್ತು. ಸುತ್ತಲೂ ಇಟ್ಟಿಗೆಯ ಬಣ್ಣದ ಪುಡಿ ಕಲ್ಲಾಗಿ ನಿಂತಿತ್ತು. ಮೂತಿಯ ತೂತು ಗುಂಡುಸೂಜಿಯಷ್ಟು ಸಣ್ಣದು. ಅದರಲ್ಲಿ ಮುಕ್ಕಾಲು ಪಾಲು ಮುಚ್ಚಿಹೋಗಿತ್ತು. ಸ್ಪ್ರಿಂಗಿನ ಕೊನೆಯ ಎರಡು ಸುತ್ತುಗಳಿಗೆ ತುಕ್ಕು.

ಇಟ್ಟಿಗೆ ಬಣ್ಣ ಏಕೆ? ಅರಿಶಿನ ಕ್ಷಾರದಲ್ಲಿ ಕೆಂಪಾಗುತ್ತದೆ, ಓಕುಳಿಯ ಗುಟ್ಟೇ ಅದು. ಆದರೆ ಸುಣ್ಣ ನೀರಿನಲ್ಲಿ ಬಹಳ ಕರಗುವುದಿಲ್ಲ, ಲೀಟರಿಗೆ ಎರಡು ಗ್ರಾಂಗಿಂತಲೂ ಕಡಿಮೆ. ಹಂಡೆಗೆ ಹಿಡಿಹಿಡಿಯಾಗಿ ಹಾಕಿದ ಉಳಿದ ಸುಣ್ಣ ನುಣ್ಣನೆಯ ಕಣವಾಗಿ ತೇಲುತ್ತಿರುತ್ತದೆ. ಕರಗಿದ್ದೂ ತೇಲಿದ್ದೂ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದೂ ಹೀಗೆಯೇ. ಗಡಸು ನೀರು ಆರಿದಾಗ ಉಳಿಯುವುದೂ ಅದೇ ವಸ್ತು. ಅಂದರೆ ಕೊಳವೆಬಾವಿಯ ಸುಣ್ಣದ ಮೇಲೆ ಓಕುಳಿಯ ಸುಣ್ಣ ಸೇರಿ, ತಗಡಿನ ಕೆಳಗಿನ ಕಾವಿನಲ್ಲಿ ವರ್ಷವೆಲ್ಲ ಒಣಗಿ, ಆ ಪುಟ್ಟ ವಾಲ್ವಿನೊಳಗೆ ಗಾರೆ ಹಾಕಿದಂತಾಗಿತ್ತು.

ಈ ಅಂಶವನ್ನು ಒತ್ತಿ ಹೇಳಬೇಕೆನಿಸುತ್ತದೆ. ಅಂಗಡಿಯ ಪಿಚಕಾರಿ ಓಕುಳಿಗೆಂದು ಮಾಡಿದ್ದಲ್ಲ. ಹೋಳಿಯ ಬಣ್ಣದ ಪುಡಿಯೂ ಅದಕ್ಕೆ ಹಿತವಲ್ಲ, ಕರಗದ ಪುಡಿ ಓ ರಿಂಗಿನ ಅಂಚನ್ನು ಉಜ್ಜಿ ಸವೆಸುತ್ತದೆ. ಆದರೂ ಮಕ್ಕಳ ಕೈಯಿಂದ ಕಿತ್ತುಕೊಳ್ಳಲು ಮನಸ್ಸು ಬಾರದಿದ್ದರೆ, ಅದೇ ಸಂಜೆ, ಸುಣ್ಣ ಇನ್ನೂ ಹಸಿಯಾಗಿರುವಾಗಲೇ, ಬರಿಯ ನೀರು ತುಂಬಿ ತುಂಬಿ ಹಾರಿಸಬೇಕು. ಆ ಹತ್ತು ನಿಮಿಷದ ಕೆಲಸವನ್ನು ಮರುದಿನಕ್ಕೆ ಮುಂದೂಡಿದರೆ ಅದು ಆಮ್ಲದಲ್ಲಿ ನೆನೆಸುವ ಕೆಲಸವಾಗುತ್ತದೆ.

ಉಳಿದ ದೋಷಗಳನ್ನು ಬೇಗ ಹೇಳಿಬಿಡುತ್ತೇನೆ. ಕೊಳವೆ ಪಿಚಕಾರಿಗಳಲ್ಲಿ ಎರಡರ ಪಿಸ್ಟನ್ ಬಿಗಿದುಕೊಂಡಿತ್ತು. ಅವು ಸರಾಗವಾಗಲೆಂದು ಹಿಂದಿನ ವರ್ಷ ಯಾರೋ ಕೊಬ್ಬರಿ ಎಣ್ಣೆ ಬಿಟ್ಟಿದ್ದರು, ರಬ್ಬರು ಎಣ್ಣೆ ಕುಡಿದು ಉಬ್ಬಿತ್ತು. ತೊಟ್ಟಿಯ ಮೇಲೆ ಬಿಸಿಲಿನಲ್ಲಿದ್ದ ಎರಡು ದೊಡ್ಡ ಪಿಚಕಾರಿಗಳ ಮೈ ಬಣ್ಣಗೆಟ್ಟು, ಬೆರಳಾಡಿಸಿದರೆ ಬಿಳಿ ಹುಡಿ ಹತ್ತುವಂತಾಗಿತ್ತು. ಒಂದರ ಕೊರಳು ಸೀಳಿತ್ತು. ಬಿಸಿಲಿನ ಅತಿನೇರಳೆ ಕಿರಣ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳನ್ನು ಕಡಿಯುತ್ತದೆ. ಹಾಗೆ ಪೆಡಸಾದ ಪ್ಲಾಸ್ಟಿಕ್ಕನ್ನು ಮತ್ತೆ ಮೊದಲಿನಂತೆ ಮಾಡುವ ಔಷಧವಿಲ್ಲ. ಅವುಗಳಲ್ಲೊಂದರ ಮೈಯಲ್ಲಿರುವ ನೀರಿನ ತೊಟ್ಟಿಗೆ ಮುಚ್ಚಳ ಇರಲಿಲ್ಲ, ಮಳೆನೀರು ನಿಂತು ಒಣಗಿದ ಗುರುತಿತ್ತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ಕಡೆಯೇ, ನೀರಿನ ಮಟ್ಟದಿಂದ ತುಸು ಮೇಲೆ ಗೋಡೆಗೆ ಅಂಟಿಸಿ. ಆ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ, ನೀರು ಬಿದ್ದೊಡನೆ ಮರಿಯಾಗುತ್ತವೆ. ಹಾಗಾಗಿ ಅದನ್ನು ಒಳಗೆಲ್ಲ ಬ್ರಷ್ಷಿನಿಂದ ಉಜ್ಜಿಸಿದೆ.

ಬ್ಯಾಟರಿಯ ಎರಡರಲ್ಲಿ ಒಂದರಲ್ಲಿ ಸೆಲ್ಲುಗಳನ್ನು ತೆಗೆದೇ ಇರಲಿಲ್ಲ. ಸೋರಿ, ಹಿತ್ತಾಳೆಯ ಸಂಪರ್ಕಪಟ್ಟಿಯನ್ನು ತಿಂದು, ಹಸಿರು ಹೂ ಬಿಟ್ಟಂತೆ ಉಬ್ಬಿತ್ತು. ತಂತಿಯ ಬುಡವೇ ಹೋಗಿದ್ದರಿಂದ ಅದು ಉಳಿಯಲಿಲ್ಲ.

ನಿಂಬೆ ಉಪ್ಪಿನ ಕೆಲಸ

ಸುಣ್ಣ ಬಿಡಿಸಲು ಬೇಕಾದದ್ದು ಸೌಮ್ಯ ಆಮ್ಲ. ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಇದಕ್ಕೆ ಸಾಕು. ಒಂದು ಲೀಟರ್ ನೀರಿಗೆ ಸುಮಾರು 20 ಗ್ರಾಂ. ನೀರು ತಣ್ಣಗಿರಲಿ, ಇಲ್ಲವೇ ಉಗುರುಬೆಚ್ಚಗಿರಲಿ. ಕುದಿವ ನೀರು ಪ್ಲಾಸ್ಟಿಕ್ಕನ್ನು ಸೊಟ್ಟಗೆ ಮಾಡುತ್ತದೆ, ಜೊತೆಗೆ ಬಿಸಿಯಲ್ಲಿ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಗಸಿ ಕೂರುವ ಅಪಾಯವೂ ಇದೆ. ಬಿಳಿ ವಿನೆಗರ್ ಕೂಡ ನಡೆಯುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಮಾತ್ರ ಹತ್ತಿರ ಸುಳಿಯಬಾರದು. ಅದು ಸ್ಪ್ರಿಂಗನ್ನು ತಿನ್ನುತ್ತದೆ, ಮಕ್ಕಳ ಕೈ ಕಣ್ಣು ಸುಡುತ್ತದೆ. ಆಮ್ಲದೊಂದಿಗೆ ಬ್ಲೀಚಿಂಗ್ ಪುಡಿಯನ್ನು ಎಂದೂ ಬೆರೆಸಬಾರದು, ಹೊರಡುವುದು ಕ್ಲೋರಿನ್ ಎಂಬ ವಿಷಾನಿಲ.

ಬಿಚ್ಚಿದ ವಾಲ್ವು, ಮೂತಿ, ಸಿಲಿಂಡರುಗಳನ್ನು ಸ್ಟೀಲಿನ ಬೋಗುಣಿಗೆ ಹಾಕಿ ದ್ರಾವಣ ಸುರಿದೆವು. ಸುಣ್ಣದ ಮೈಯಿಂದ ಸಣ್ಣ ಸಣ್ಣ ಗುಳ್ಳೆಗಳು ಏಳತೊಡಗಿದವು. ಏಳನೆಯ ತರಗತಿಯ ಹುಡುಗಿಯೊಬ್ಬಳು ಬೋಗುಣಿಯ ಮೇಲೆ ಬಾಗಿ ನೋಡುತ್ತಿದ್ದವಳು, “ತಾತ, ಕೆಂಪು ಹೋಗಿ ಹಳದಿ ಆಗುತ್ತಿದೆ!” ಎಂದು ಕೂಗಿದಳು. ಇಟ್ಟಿಗೆ ಬಣ್ಣದ ಚಕ್ಕೆಗಳು ಅಂಚಿನಿಂದ ಅರಿಶಿನದ ಬಣ್ಣಕ್ಕೆ ತಿರುಗುತ್ತಿದ್ದವು. ಕ್ಷಾರ ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಕೆಂಪು, ಆಮ್ಲ ಒಳಹೊಕ್ಕ ಕಡೆ ಹಳದಿ. ಶಾಲೆಯ ಪಾಠದಲ್ಲಿ ಅರಿಶಿನದ ಕಾಗದವನ್ನು ಸೋಪಿನ ನೀರಿಗೆ ಅದ್ದಿಸುತ್ತಾರಲ್ಲ, ಅದರ ಹಿಮ್ಮುಖ ಪ್ರಯೋಗ ತಾನಾಗಿ ನಡೆಯುತ್ತಿತ್ತು. ಇದು ನಮ್ಮ ಕೆಲಸಕ್ಕೆ ಅಳತೆಗೋಲೂ ಆಯಿತು. ಯಾವ ಭಾಗದಲ್ಲಿ ಕೆಂಪು ಉಳಿದಿದೆಯೋ ಅಲ್ಲಿ ಸುಣ್ಣ ಇನ್ನೂ ಇದೆ. ಮಕ್ಕಳು ಕೆಂಪು ಕಂಡ ತುಣುಕುಗಳನ್ನು ಹುಡುಕಿ ಹುಡುಕಿ ಹೊಸ ದ್ರಾವಣಕ್ಕೆ ಹಾಕಿದರು.

ಒಂದೊಂದು ಸರದಿಗೆ ಅರ್ಧ ಗಂಟೆ. ಸ್ಪ್ರಿಂಗುಗಳನ್ನು ಮೊದಲೇ ತೆಗೆದಿಟ್ಟಿದ್ದೆವು, ಏಕೆಂದರೆ ಉಕ್ಕನ್ನು ಆಮ್ಲದಲ್ಲಿ ಬಿಟ್ಟರೆ ತುಕ್ಕಿನ ಜೊತೆ ಉಕ್ಕೂ ಕರಗುತ್ತದೆ. ಸ್ಪ್ರಿಂಗನ್ನು ಒಣ ಬಟ್ಟೆಯಲ್ಲಿ ಉಜ್ಜಿ, ತುಕ್ಕು ಆಳಕ್ಕಿಳಿದಿದ್ದರೆ ಬದಲಿಸಿದೆವು. ಹಳೆಯ ಬಾಲ್‌ಪೆನ್ನಿನ ಸ್ಪ್ರಿಂಗು ಎರಡು ಪಿಸ್ತೂಲುಗಳ ವಾಲ್ವಿಗೆ ಸರಿಹೋಯಿತು, ಪಿಸ್ಟನ್ನಿಗೆ ಅದು ಮೆದುವಾಯಿತು.

ಮೂತಿಯ ವಿಷಯದಲ್ಲಿ ಒಂದು ಎಚ್ಚರ. ಮುಚ್ಚಿದ ತೂತು ಕಂಡರೆ ಸೂಜಿ ತಂದು ಚುಚ್ಚುವುದು ಎಲ್ಲರ ಮೊದಲ ಬುದ್ಧಿ. ಆ ತೂತಿನ ಅಂಚು ನುಣುಪಾಗಿ, ದುಂಡಗೆ ಇರುವುದರಿಂದಲೇ ನೀರಿನ ಎಳೆ ಒಡೆಯದೆ ದೂರ ಹೋಗುತ್ತದೆ. ಉಕ್ಕಿನ ಸೂಜಿ ಅಂಚನ್ನು ಕೆರೆದರೆ ಆ ಪಿಚಕಾರಿ ಮುಂದೆಂದೂ ನೇರ ಹಾರಿಸದು, ಬಾಯಿ ಬಿಟ್ಟಲ್ಲೇ ಚದುರುತ್ತದೆ. ನೆನೆಸಿ, ಮುಂದಿನಿಂದ ಹಿಂದಕ್ಕೆ ನೀರು ರಭಸವಾಗಿ ಬಿಟ್ಟು ತೊಳೆಯಬೇಕು. ಅದಕ್ಕೂ ಬಗ್ಗದಿದ್ದರೆ ಹಲ್ಲುಜ್ಜುವ ಬ್ರಷ್ಷಿನ ಒಂದು ನೈಲಾನ್ ಎಳೆ ಕತ್ತರಿಸಿ ಪೋಣಿಸಬಹುದು. ನಾವು ಮಾಡಿದ್ದೂ ಅದನ್ನೇ.

ಅರಿಶಿನದ ಕಲೆ ಮಾತ್ರ ಪ್ಲಾಸ್ಟಿಕ್ಕಿನ ಮೇಲೆ ಉಳಿಯಿತು. ಬಿಸಿಲಿಗಿಟ್ಟರೆ ಮಾಸುತ್ತದೆ ಎಂದು ಒಬ್ಬರು ಹೇಳಿದರು, ಅದು ನಿಜವೂ ಹೌದು. ಆದರೆ ಕಲೆ ತೆಗೆಯಲು ಪ್ಲಾಸ್ಟಿಕ್ಕನ್ನು ಸುಡಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಕಲೆಯಿಂದ ಆಟಕ್ಕೆ ಏನೂ ಕುಂದಿಲ್ಲ.

ರಬ್ಬರು, ಗ್ರೀಸು

ಉಬ್ಬಿದ ಮತ್ತು ಬಿರುಕುಬಿಟ್ಟ ಓ ರಿಂಗುಗಳಿಗೆ ಬದಲಿ ಹುಡುಕುವುದು ಅಷ್ಟು ಕಷ್ಟವಾಗಲಿಲ್ಲ. ಕೋಲಾರದಲ್ಲಿ ಪಂಪ್‌ಸೆಟ್ ಬಿಡಿಭಾಗ ಮಾರುವ ಅಂಗಡಿಗಳಿಗೆ ಕೊರತೆಯಿಲ್ಲ. ಹಳೆಯ ರಿಂಗನ್ನೂ ಸಿಲಿಂಡರನ್ನೂ ಕೈಯಲ್ಲಿ ಹಿಡಿದು ಹೋಗಿ, ಅಲ್ಲಿಯೇ ಹಾಕಿ ನೋಡಿ ತರಬೇಕು. ಸಿಲಿಂಡರಿನೊಳಗೆ ಪಿಸ್ಟನ್ ಸ್ವಲ್ಪ ತಡೆದಂತೆ ಸರಿಯಬೇಕು, ಬಲ ಹಾಕಿ ದೂಡುವಂತಿರಬಾರದು.

ಹಚ್ಚಲು ಸಿಲಿಕೋನ್ ಗ್ರೀಸ್ ಒಂದೇ ಸರಿ. ಮನೆಯ ನೀರು ಶುದ್ಧೀಕರಣ ಯಂತ್ರದ ಫಿಲ್ಟರ್ ಬಟ್ಟಲನ್ನು ಮುಚ್ಚುವಾಗ ರಬ್ಬರಿಗೆ ಸವರುವುದು ಇದೇ ಗ್ರೀಸು. ಅಂಥ ಯಂತ್ರ ರಿಪೇರಿ ಮಾಡುವವರ ಬಳಿ ಸಣ್ಣ ಡಬ್ಬಿಯಲ್ಲಿ ಸಿಗುತ್ತದೆ. ಕೊಬ್ಬರಿ ಎಣ್ಣೆ, ವ್ಯಾಸಲೀನ್, ಸೀಮೆಎಣ್ಣೆ, ಗಾಡಿಯ ಗ್ರೀಸು ಬೇಡ. ನೈಟ್ರೈಲ್ ಎಂಬ ಬಗೆಯ ರಬ್ಬರು ಇವುಗಳಲ್ಲಿ ಕೆಲವನ್ನು ತಡೆದುಕೊಳ್ಳುತ್ತದೆ, ಆದರೆ ಆಟಿಕೆಯೊಳಗೆ ಯಾವ ರಬ್ಬರು ಹಾಕಿದ್ದಾರೆಂದು ಹೊರಗೆಲ್ಲೂ ಬರೆದಿರುವುದಿಲ್ಲ. ಎಲ್ಲಕ್ಕೂ ಹೊಂದುವುದನ್ನೇ ಬಳಸುವುದು ಜಾಣತನ. ಅದೂ ಎಷ್ಟು? ಅಕ್ಕಿಕಾಳಿನಷ್ಟು. ರಿಂಗು ಹೊಳೆದರೆ ಸಾಕು, ಗ್ರೀಸು ಮುದ್ದೆಯಾಗಿ ನಿಂತರೆ ಧೂಳು ಹಿಡಿದು ಅದೇ ಉಪ್ಪುಕಾಗದವಾಗುತ್ತದೆ.

ಒತ್ತಡದ ಪಿಚಕಾರಿಗಳಿಗೆ ಹೆಚ್ಚಿನ ಜೋಪಾನ ಬೇಕು. ಈ ಬಗೆಯ ಆಟಿಕೆಯ ಮೂಲ ಅಮೆರಿಕದ ಇಂಜಿನಿಯರ್ ಲಾನಿ ಜಾನ್ಸನ್. 1982ರಲ್ಲಿ ಅವರು ನೀರಿನಿಂದ ನಡೆಯುವ ಹೀಟ್ ಪಂಪಿನ ಪ್ರಯೋಗದಲ್ಲಿದ್ದಾಗ, ಸ್ನಾನದ ಮನೆಯ ಸಿಂಕಿಗೆ ಜೋಡಿಸಿದ ಮೂತಿಯಿಂದ ನೀರು ರಭಸವಾಗಿ ಹಾರಿದ್ದನ್ನು ಕಂಡು ಈ ಆಟಿಕೆಯನ್ನು ಯೋಚಿಸಿದರು. ಅದು 1990ರಲ್ಲಿ ಮಾರುಕಟ್ಟೆಗೆ ಬಂದು, ಮರುವರ್ಷ ಸೂಪರ್ ಸೋಕರ್ ಎಂಬ ಹೆಸರು ಪಡೆಯಿತು. ಬೆರಳಿನ ಬಲದ ಬದಲು, ಪಂಪು ಮಾಡಿ ಕೂಡಿಟ್ಟ ಗಾಳಿಯ ಬಲದಿಂದ ನೀರನ್ನು ತಳ್ಳುವುದು ಅದರ ಹೊಸತನ. ಹಾಗಾಗಿ ಆಟ ನಿಂತ ಮೇಲೂ ತೊಟ್ಟಿಯ ಒಳಗೆ ಗಾಳಿ ಒತ್ತುತ್ತಲೇ ಇರುತ್ತದೆ. ಆ ಒತ್ತಡದಲ್ಲಿಯೇ ತಗಡಿನ ಕೆಳಗೆ ಇಟ್ಟರೆ ಕಾವಿಗೆ ಗಾಳಿ ಇನ್ನಷ್ಟು ಹಿಗ್ಗುತ್ತದೆ, ಬಿಸಿಗೆ ಪ್ಲಾಸ್ಟಿಕ್ ಮೆದುವಾಗುತ್ತದೆ, ಅಂಟಿಸಿದ ಬೆಸುಗೆಯ ಸಾಲು ಬಿಡುತ್ತದೆ. ನಮ್ಮ ಮೂರರಲ್ಲಿ ಚೀಲದೊಳಗಿದ್ದ ಒಂದಕ್ಕೆ ಹೀಗೆಯೇ ಆಗಿತ್ತು: ತೊಟ್ಟಿಯ ಅಡಿಯ ಜೋಡಣೆಯಲ್ಲಿ ಕೂದಲೆಳೆಯಂಥ ಬಿರುಕು. ಅಂಟು ಹಾಕಿ ಮುಚ್ಚಬಹುದಿತ್ತು. ನಾನು ಬೇಡವೆಂದೆ. ಒತ್ತಡ ಹಿಡಿಯಬೇಕಾದ ತೊಟ್ಟಿಯನ್ನು ಅಂಟಿನ ನಂಬಿಕೆಯ ಮೇಲೆ ಮಕ್ಕಳ ಮುಖದ ಹತ್ತಿರ ಕೊಡಲಾಗದು.

ಲೆಕ್ಕ ಹೀಗೆ ಮುಗಿಯಿತು. 18ರಲ್ಲಿ 13 ಪಿಚಕಾರಿಗಳು ಕೆಲಸಕ್ಕೆ ಬಂದವು. ಉಳಿದ 5ರಲ್ಲಿ ಬಿಸಿಲು ತಿಂದ ಎರಡು, ತೊಟ್ಟಿ ಬಿರುಕುಬಿಟ್ಟ ಒಂದು, ಬ್ಯಾಟರಿಯದೊಂದು, ಸಿಲಿಂಡರಿನೊಳಗೆ ಗೀರು ಬಿದ್ದ ಒಂದು ಪಿಸ್ತೂಲು. ಅವುಗಳ ಸ್ಕ್ರೂ, ಮೂತಿ, ವಾಲ್ವಿನ ಗುಂಡು, ಮುಚ್ಚಳಗಳನ್ನು ಒಂದು ಡಬ್ಬಿಯಲ್ಲಿ ತೆಗೆದಿರಿಸಿದೆವು.

ಹೊಸ ಪಿಚಕಾರಿ ಕೊಳ್ಳುವವರಿಗೂ ಇಲ್ಲೊಂದು ಮಾತು ಸೇರಿಸುತ್ತೇನೆ. ಭಾರತದಲ್ಲಿ ಮಾರುವ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಗುರುತು ನೋಡಿ, ಆಮೇಲೆ ಮೈಯನ್ನು ಸ್ಕ್ರೂಗಳಿಂದ ಜೋಡಿಸಿದ್ದಾರೋ ಅಂಟಿನಿಂದಲೋ ನೋಡಿ. ಸ್ಕ್ರೂ ಇದ್ದರೆ ಬಿಚ್ಚಿ ಸರಿಮಾಡಬಹುದು. ನಮ್ಮ 18ರಲ್ಲಿ ಬದುಕಿದವುಗಳ ಪೈಕಿ ಹೆಚ್ಚಿನವು ಸ್ಕ್ರೂ ಇದ್ದವೇ.

ಮತ್ತೆ ಇಡುವಾಗ

ಶಿಬಿರ ಮುಗಿದ ದಿನ ಈ ಬಾರಿ ಮಕ್ಕಳೇ ಸಾಲಾಗಿ ಕುಳಿತು ಕೆಲಸ ಮಾಡಿದರು. ಒತ್ತಡದವು ಉಳಿದಿದ್ದರೆ ಟ್ರಿಗರ್ ಹಿಡಿದು ಗಾಳಿ ಪೂರ್ತಿ ಬಿಟ್ಟು, ಆಮೇಲೆ ಮುಚ್ಚಳ ತಿರುಗಿಸಬೇಕಿತ್ತು. ನಲ್ಲಿಯ ನೀರಿನಲ್ಲಿ ತೊಳೆದ ಮೇಲೆ ಕೊನೆಯ ಸುತ್ತಿಗೆ ಶುದ್ಧ ಕುಡಿಯುವ ನೀರಿನ ಘಟಕದ ನೀರು. ನಾಣ್ಯ ಹಾಕಿದರೆ ಸಿಗುವ ಆ ಒಂದು ಕ್ಯಾನು ಎಲ್ಲ ಪಿಚಕಾರಿಗಳಿಗೂ ಸಾಕಾಗಿ ಮಿಕ್ಕಿತು. ಗಡಸು ನೀರಿನಲ್ಲಿ ಎಷ್ಟೇ ತೊಳೆದರೂ ಆರಿದಾಗ ಸುಣ್ಣ ಉಳಿದೇ ಉಳಿಯುತ್ತದೆ. ಲವಣ ಕಳೆದ ನೀರು ಆರಿದರೆ ಬಿಳಿ ಗುರುತೂ ಇರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಪಿಚಕಾರಿಯ ಆಯಸ್ಸನ್ನು ಇದಕ್ಕಿಂತ ಅಗ್ಗವಾಗಿ ಹೆಚ್ಚಿಸುವ ಉಪಾಯ ನನಗೆ ಕಾಣದು.

ಬಳಿಕ ನೀರಿಲ್ಲದೆ ಹತ್ತಾರು ಬಾರಿ ಟ್ರಿಗರ್ ಒತ್ತಿಸಿದೆ. ತೊಟ್ಟಿ ಬರಿದಾದರೂ ಸಿಲಿಂಡರಿನಲ್ಲಿ, ವಾಲ್ವಿನ ಹಿಂದೆ ನೀರು ನಿಂತಿರುತ್ತದೆ, ಮೂತಿಯಿಂದ ಬರಿಯ ಗಾಳಿ ಬರುವವರೆಗೂ ಒತ್ತಬೇಕು. ಮೂತಿ ಕೆಳಗಾಗಿ ಜಗಲಿಯ ನೆರಳಿನಲ್ಲಿ, ಗಾಳಿ ಆಡುವ ಕಡೆ ಎರಡು ದಿನ ಬಿಟ್ಟೆವು. ಒಣಗಲಿ ಎಂದು ಬಿಸಿಲಿಗೆ ಹರಡುವುದು ನಮ್ಮ ಊರುಗಳ ರೂಢಿ, ಹಪ್ಪಳಕ್ಕೆ ಒಳ್ಳೆಯದು, ಇದಕ್ಕಲ್ಲ. ಬ್ಯಾಟರಿಯದರಿಂದ ಸೆಲ್ಲುಗಳನ್ನು ತೆಗೆದು ಬೇರೆ ಡಬ್ಬಿಗೆ ಹಾಕಿದೆವು. ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ ಇರುವಂಥದ್ದಾಗಿದ್ದರೆ ಅರ್ಧದಷ್ಟು ಚಾರ್ಜ್ ಉಳಿಸಿ ತಂಪಾದ ಕಡೆ ಇಟ್ಟು, ಕೆಲವು ತಿಂಗಳಿಗೊಮ್ಮೆ ನೋಡಬೇಕಾಗುತ್ತಿತ್ತು.

ಇಡಲು ಗೋಣಿಚೀಲ ಬೇಡವೆಂದು ಶಿಕ್ಷಕಿಯೇ ಹೇಳಿದರು. ಟೊಮೆಟೊ ಬೆಳೆಯುವ ಊರಿನಲ್ಲಿ ಕ್ರೇಟುಗಳಿಗೆ ಬರವೇ? ಪಕ್ಕದ ಮನೆಯವರು ಎರಡು ಹಳೆಯ ಕ್ರೇಟುಗಳನ್ನು ಕೊಟ್ಟರು. ಸುತ್ತಲೂ ಕಿಂಡಿ, ಗಾಳಿ ಆಡುತ್ತದೆ, ತೇವ ನಿಲ್ಲುವುದಿಲ್ಲ, ಒಂದರ ಮೇಲೊಂದು ಇಟ್ಟರೂ ಭಾರ ಕ್ರೇಟಿನ ಅಂಚಿಗೆ ಬೀಳುತ್ತದೆಯೇ ಹೊರತು ಪಿಚಕಾರಿಯ ಮೇಲಲ್ಲ. ತೊಟ್ಟಿಯ ಮುಚ್ಚಳಗಳನ್ನು ಬಿಗಿಯದೆ ಅರ್ಧ ತಿರುವಿನಷ್ಟು ಸಡಿಲವಾಗಿ ಬಿಟ್ಟೆವು. ರಬ್ಬರಿನ ಗ್ಯಾಸ್ಕೆಟ್ಟನ್ನು ತಿಂಗಳುಗಟ್ಟಲೆ ಒತ್ತಿಟ್ಟರೆ ಅದು ಚಪ್ಪಟೆಯಾಗಿ ಅದೇ ಆಕಾರದಲ್ಲಿ ನಿಂತುಬಿಡುತ್ತದೆ, ಕಾವಿನಲ್ಲಿ ಇನ್ನೂ ಬೇಗ. ಯಾವುದರ ಟ್ರಿಗರೂ ಪಕ್ಕದ್ದರ ಕೆಳಗೆ ಸಿಕ್ಕಿ ಒತ್ತಿಕೊಂಡಿರದಂತೆ ಜೋಡಿಸಿ, ಮೇಲೆ ಹಳೆಯ ಪಂಚೆ ಹೊದಿಸಿದೆವು. ತಗಡಿನ ಉಗ್ರಾಣ ಬಿಟ್ಟು, ಕ್ರೇಟುಗಳು ಶಾಲೆಯ ಆರ್‌ಸಿಸಿ ಕೊಠಡಿಯ ಬೀರುವಿನ ಕೆಳಗೆ ಹೋದವು. ನಡುವೆ ದಸರಾ ರಜೆಯಲ್ಲಿ ಒಮ್ಮೆ ಹೊರತೆಗೆದು, ನಾಲ್ಕಾರು ಬಾರಿ ಟ್ರಿಗರ್ ಆಡಿಸಿ, ಒಣಗಿದಂತೆ ಕಂಡ ರಿಂಗುಗಳಿಗೆ ಗ್ರೀಸು ಸವರಿ ಮತ್ತೆ ಇಟ್ಟರು.

ಮುಂದಿನ ಏಪ್ರಿಲ್‌ನಲ್ಲಿ 13ಕ್ಕೆ 13ಕ್ಕೂ ಜೀವವಿತ್ತು. ಒಂದು ಕೊಳವೆ ಪಿಚಕಾರಿ ಮಾತ್ರ ಆಟದ ಮೂರನೆಯ ದಿನ ಕಲ್ಲಿನ ಮೇಲೆ ಬಿದ್ದು ಹಿಡಿ ಮುರಿಯಿತು. ಅದಕ್ಕೆ ಬಿದಿರಿನ ತುಂಡು ಕೆತ್ತಿ ಹಾಕಿಕೊಟ್ಟೆ. ಜಾತ್ರೆಯ ದಿನ ಓಕುಳಿಗೆ ಮಕ್ಕಳ ಕೈಗೆ ಚೊಂಬು, ಮಗ್ಗುಗಳನ್ನು ಕೊಟ್ಟು ಪಿಚಕಾರಿಗಳನ್ನು ಕ್ರೇಟಿನಲ್ಲಿಯೇ ಉಳಿಸಿಕೊಂಡರು. ದೊಡ್ಡ ಹುಡುಗರು ಸ್ವಲ್ಪ ಗೊಣಗಿದರಂತೆ. ಹಿಂದಿನ ವರ್ಷ ಬೋಗುಣಿಯ ಮೇಲೆ ಬಾಗಿದ್ದ ಹುಡುಗಿಯೇ ಅವರಿಗೆ ಸುಣ್ಣದ ಕಥೆ ಹೇಳಿ ಸಮಾಧಾನ ಮಾಡಿದಳೆಂದು ಶಿಕ್ಷಕಿ ತಿಳಿಸಿದರು.

ಉಳಿದಿರುವ ಕೆಲಸ ಒಂದೇ. ಒತ್ತಡದ ಪಿಚಕಾರಿಗಳು ಮೂರೂ ಹೋದವು. ಅವುಗಳ ಪಂಪು, ಮೂತಿ, ಕೊಳವೆಗಳು ಮಾತ್ರ ಗಟ್ಟಿಯಾಗಿವೆ. ಒತ್ತಡ ತಡೆಯುವ ಹೊಸ ತೊಟ್ಟಿ ಬಿಡಿಯಾಗಿ ಕೋಲಾರದಲ್ಲಿ ಸಿಕ್ಕಿಲ್ಲ, ಕೈಗೆ ಸಿಕ್ಕ ಬಾಟಲಿ ಕಟ್ಟಿ ಪ್ರಯೋಗ ಮಾಡುವುದಕ್ಕೆ ನಾನು ಒಪ್ಪಿಲ್ಲ. ಆ ಪಂಪುಗಳನ್ನು ಒತ್ತಡವಿಲ್ಲದ ಕೊಳವೆ ಪಿಚಕಾರಿಗಳಾಗಿ ಮಾರ್ಪಡಿಸಲು ಬೇಕಾದ ಅಳತೆಯ ಓ ರಿಂಗುಗಳನ್ನು ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಹುಡುಕಬೇಕೆಂದು ಅಳತೆ ಬರೆದು ಶಿಕ್ಷಕಿಯ ಕೈಗೆ ಕೊಟ್ಟಿದ್ದೇನೆ.